ಎರಡು ದೂರು, ಒಂದು ರಬ್ಬರ್ ಕೊಳವೆ

ಆಟೊಮ್ಯಾಟಿಕ್ ಗೇರಿನ ಹಳೆಯ ಟ್ರಕ್ ಇಟ್ಟುಕೊಂಡವರು ತಮ್ಮ ಗಾಡಿಯ ಕಷ್ಟ ಹೇಳಿಕೊಳ್ಳುವ ರೀತಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಅವರ ಮಾತಿನಲ್ಲಿ ಯಾವಾಗಲೂ ಎರಡು ದೂರುಗಳಿರುತ್ತವೆ. ಗಾಡಿ ನಿಂತಿರುವಾಗ ಎಂಜಿನ್ ನಡುಗುತ್ತದೆ, ಐಡ್ಲಿಂಗ್, ಅಂದರೆ ಪೆಡಲ್ ಒತ್ತದಿರುವಾಗಿನ ಎಂಜಿನ್ ಓಟ, ಒಂದೇ ಸಮನಿಲ್ಲ, ಒಮ್ಮೊಮ್ಮೆ ಎಂಜಿನ್ ನಿಂತೇಹೋಗುತ್ತದೆ ಎಂಬುದು ಒಂದು. ಗೇರ್ ತಡವಾಗಿ ಬೀಳುತ್ತದೆ, ಬಿದ್ದಾಗ ಧಡ್ ಎಂದು ಹಿಂದಿನಿಂದ ಯಾರೋ ಗುದ್ದಿದಂತಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಎಂಜಿನ್ ಕೆಲಸದವರನ್ನು ಹುಡುಕುತ್ತಾರೆ, ಎರಡನೆಯದಕ್ಕೆ ಗೇರ್ ಬಾಕ್ಸ್ ಬಿಚ್ಚುವವರನ್ನು. ಎಂಜಿನ್ನಿನವರು ಪ್ಲಗ್ ಬದಲಿಸಿ, ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ತೊಳೆದು ಕಳಿಸುತ್ತಾರೆ. ಗೇರ್ ಬಾಕ್ಸಿನವರು ಆಯಿಲ್ ಬದಲಿಸಿ ನೋಡುತ್ತಾರೆ, ಆಗಲಿಲ್ಲವೆಂದರೆ ಬಾಕ್ಸನ್ನೇ ಇಳಿಸೋಣ ಎನ್ನುತ್ತಾರೆ. ಎರಡೂ ತೊಂದರೆ ಹೆಚ್ಚು ಕಡಿಮೆ ಒಟ್ಟಿಗೇ ಶುರುವಾದವು ಎಂಬ ಮಾತನ್ನು ಮಾಲೀಕರು ಹೇಳಿರುತ್ತಾರೆ, ಆದರೆ ಅದನ್ನು ಯಾರೂ ಕಿವಿಗೆ ಹಾಕಿಕೊಂಡಿರುವುದಿಲ್ಲ.

ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಅದಕ್ಕಿಂತ ಬೆಲೆಬಾಳುವ ಮಾಹಿತಿ ಇನ್ನೊಂದಿಲ್ಲ. ಒಂದೇ ಗಾಡಿಯಲ್ಲಿ, ಒಂದೇ ಕಾಲಕ್ಕೆ ಎರಡು ತೊಂದರೆ ತಲೆದೋರಿದರೆ ಅವೆರಡೂ ಒಂದೇ ಬೇರಿನಿಂದ ಬಂದಿರಬಹುದೇ ಎಂದು ಮೊದಲು ಕೇಳಬೇಕು. ಹಾಗೆ ಕೇಳದೆ ಗೇರ್ ಬಾಕ್ಸ್ ಇಳಿಸಿದ್ದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಚೆನ್ನಾಗಿದ್ದ ಕ್ಲಚ್ ಪ್ಲೇಟುಗಳು, ಸೀಲುಗಳು ಸುಮ್ಮನೆ ಹೊರಬರುತ್ತವೆ. ಮತ್ತೆ ಜೋಡಿಸಿ ಓಡಿಸಿದರೆ ತೊಂದರೆ ಇದ್ದಲ್ಲೇ ಇರುತ್ತದೆ.

ಗೇರ್ ಬಾಕ್ಸಿಗೆ ಗೊತ್ತಾಗುವುದು ಹೇಗೆ

ಆಟೊಮ್ಯಾಟಿಕ್ ಗೇರ್ ಬಾಕ್ಸ್ ಮೇಲಿನ ಗೇರಿಗೆ ಯಾವಾಗ ಹೋಗಬೇಕೆಂದು ನಿರ್ಧರಿಸಲು ಅದಕ್ಕೆ ಎರಡು ಸಂಗತಿಗಳು ತಿಳಿದಿರಬೇಕು: ಗಾಡಿಯ ವೇಗ ಎಷ್ಟು, ಎಂಜಿನ್ ಮೇಲೆ ಬಿದ್ದಿರುವ ಭಾರ ಎಷ್ಟು. ವೇಗವನ್ನು ತಿಳಿಯಲು ಹಳೆಯ ಬಾಕ್ಸುಗಳಲ್ಲಿ ಔಟ್‌ಪುಟ್ ಶಾಫ್ಟಿನ ಜೊತೆ ತಿರುಗುವ ಗವರ್ನರ್ ಇದೆ. ಭಾರವನ್ನು ತಿಳಿಯಲು ಆ ಕಾಲದ ಎಂಜಿನಿಯರುಗಳು ಬಹಳ ಜಾಣ ಉಪಾಯವೊಂದನ್ನು ಕಂಡುಕೊಂಡಿದ್ದರು. ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗಾಳಿ ಒಳಬಿಡುವ ಬಾಗಿಲು, ಅಂದರೆ ಥ್ರಾಟಲ್, ಮುಚ್ಚಿಕೊಂಡಿರುತ್ತದೆ. ಆದರೆ ಪಿಸ್ಟನ್‌ಗಳು ಗಾಳಿಗಾಗಿ ಎಳೆಯುತ್ತಲೇ ಇರುತ್ತವೆ, ಹೀಗಾಗಿ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೆ, ಅಂದರೆ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಗಳೊಳಗೆ, ಬಲವಾದ ನಿರ್ವಾತ (ವ್ಯಾಕ್ಯೂಮ್) ಉಂಟಾಗುತ್ತದೆ. ಪೆಡಲ್ ಒತ್ತುತ್ತ ಹೋದಂತೆ ಗಾಳಿ ನುಗ್ಗಿ ಆ ನಿರ್ವಾತ ಕುಗ್ಗುತ್ತದೆ, ಪೂರ್ತಿ ಒತ್ತಿದಾಗ ಹೆಚ್ಚು ಕಡಿಮೆ ಸೊನ್ನೆಗೆ ಬರುತ್ತದೆ. ಅಂದರೆ ವ್ಯಾಕ್ಯೂಮ್ ಅಳೆದರೆ ಭಾರವನ್ನು ಅಳೆದಂತೆಯೇ ಆಯಿತು.

ಜನರಲ್ ಮೋಟಾರ್ಸ್ 1964ರಲ್ಲಿ ತಂದ ಟರ್ಬೊ ಹೈಡ್ರಾಮ್ಯಾಟಿಕ್ 400, ಆಮೇಲೆ ಬಂದ 350, ಫೋರ್ಡ್‌ನ ಸಿ4 ಮತ್ತು ಸಿ6 ಬಾಕ್ಸುಗಳ ಹೊರಮೈಯಲ್ಲಿ ಡಬ್ಬಿಯಂತಹ ಒಂದು ಬಿಡಿಭಾಗ ಇರುತ್ತದೆ. ಅದರ ಹೆಸರು ವ್ಯಾಕ್ಯೂಮ್ ಮಾಡ್ಯುಲೇಟರ್. ಅದರೊಳಗೆ ಒಂದು ರಬ್ಬರ್ ಪರದೆ, ಒಂದು ಸ್ಪ್ರಿಂಗ್. ಮ್ಯಾನಿಫೋಲ್ಡಿನಿಂದ ಸಣ್ಣ ಕಬ್ಬಿಣದ ಪೈಪೊಂದು ಎಂಜಿನ್ನಿನ ಹಿಂಬದಿಯಿಂದ ಇಳಿದು ಅಲ್ಲಿಗೆ ಬರುತ್ತದೆ, ಎರಡೂ ತುದಿಯಲ್ಲಿ ಗೇಣುದ್ದಕ್ಕಿಂತ ಚಿಕ್ಕದಾದ ರಬ್ಬರ್ ಕೊಳವೆ. ವ್ಯಾಕ್ಯೂಮ್ ಬಲವಾಗಿದ್ದರೆ ಪರದೆ ಸ್ಪ್ರಿಂಗನ್ನು ಹಿಂದಕ್ಕೆಳೆದು ಹಿಡಿಯುತ್ತದೆ, ಬಾಕ್ಸಿನೊಳಗಿನ ಆಯಿಲ್ ಒತ್ತಡ ಮಿತವಾಗಿರುತ್ತದೆ, ಗೇರ್ ಬೇಗನೆ, ಮೆಲ್ಲಗೆ ಬೀಳುತ್ತದೆ. ವ್ಯಾಕ್ಯೂಮ್ ಕುಗ್ಗಿದರೆ ಸ್ಪ್ರಿಂಗ್ ಮುಂದಕ್ಕೆ ಬರುತ್ತದೆ, ಒತ್ತಡ ಏರುತ್ತದೆ, ಗೇರ್ ತಡವಾಗಿ, ಗಟ್ಟಿಯಾಗಿ ಬೀಳುತ್ತದೆ. ಭಾರ ಹೊತ್ತು ಏರು ಹತ್ತುವಾಗ ಬೇಕಾದದ್ದು ಇದೇ.

ಈಗ ಆ ರಬ್ಬರ್ ಕೊಳವೆ ಸೀಳಿತು ಎಂದುಕೊಳ್ಳಿ. ಮಾಡ್ಯುಲೇಟರಿಗೆ ತಲುಪುವ ವ್ಯಾಕ್ಯೂಮ್ ಕುಗ್ಗುತ್ತದೆ, ಗಾಡಿ ಸಮತಟ್ಟಾದ ರಸ್ತೆಯಲ್ಲಿ ಖಾಲಿ ಓಡುತ್ತಿದ್ದರೂ ಗೇರ್ ಬಾಕ್ಸು ಬೆಟ್ಟ ಹತ್ತುತ್ತಿದ್ದೇನೆಂದೇ ತಿಳಿಯುತ್ತದೆ. ಅದೇ ಸೀಳಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಮ್ಯಾನಿಫೋಲ್ಡಿಗೂ ನುಗ್ಗುತ್ತದೆ. ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಐಡ್ಲಿಂಗಿನಲ್ಲಿ ಒಟ್ಟು ಗಾಳಿಯೇ ಕಡಿಮೆ ಇರುವುದರಿಂದ ಸಣ್ಣ ಸೋರಿಕೆಯೂ ಆ ಲೆಕ್ಕವನ್ನು ಬಹಳ ಕೆಡಿಸುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ನಡುಗುತ್ತದೆ. ಇಲ್ಲಿಗೆ ಎರಡು ದೂರುಗಳೂ ಬಂದವು. ಕಾರಣ ಕೈಬೆರಳಿಗಿಂತ ಸಣ್ಣ ರಬ್ಬರ್ ತುಂಡು.

ಇದೇ ಕಾಯಿಲೆಗೆ ಇನ್ನೊಂದು ರೂಪವಿದೆ. ಮಾಡ್ಯುಲೇಟರಿನ ಒಳಗಿನ ಪರದೆಯೇ ಹರಿದರೆ ಎಂಜಿನ್ ಗೇರ್ ಆಯಿಲನ್ನು ಕೊಳವೆಯ ಮೂಲಕ ಮೇಲಕ್ಕೆಳೆದು ಸುಡಲು ಶುರುಮಾಡುತ್ತದೆ. ಸೈಲೆನ್ಸರಿನಿಂದ ದಟ್ಟ ಹೊಗೆ ಬರುತ್ತದೆ. ನೆಲದಲ್ಲಿ ಒಂದು ತೊಟ್ಟೂ ಸೋರಿರುವುದಿಲ್ಲ, ಆದರೆ ಗೇರ್ ಆಯಿಲ್ ಇಳಿಯುತ್ತಲೇ ಇರುತ್ತದೆ. ಹೊಗೆ ನೋಡಿ ಪಿಸ್ಟನ್ ರಿಂಗ್ ಸವೆದಿದೆ ಎಂದು ಎಂಜಿನ್ ಬಿಚ್ಚಿಸಿದವರೂ ಇದ್ದಾರೆ. ಕೊಳವೆಯನ್ನು ಮಾಡ್ಯುಲೇಟರಿನಿಂದ ಕಳಚಿ ಒಳಗೆ ನೋಡಿದರೆ ಸಾಕಿತ್ತು. ಅಲ್ಲಿ ಕೆಂಪು ಆಯಿಲ್ ಕಂಡರೆ ಮುಂದಿನ ಮಾತೇ ಬೇಡ, ಮಾಡ್ಯುಲೇಟರ್ ಬದಲಿಸಬೇಕು.

ಕೊಳವೆ ಅದುಮಿದಾಗ

ನನಗಿಂತ ಕಿರಿಯ ಗೆಳೆಯನೊಬ್ಬನ ಬಳಿ ಇಂಥದ್ದೇ ಪಿಕಪ್ ಟ್ರಕ್ ಇದೆ. ಎಂಟು ಸಿಲಿಂಡರಿನ ಕಾರ್ಬ್ಯುರೇಟರ್ ಎಂಜಿನ್, ಮೂರು ಗೇರಿನ ಆಟೊಮ್ಯಾಟಿಕ್ ಬಾಕ್ಸ್. ಅವನು ನನ್ನ ಬಳಿ ಬರುವ ಹೊತ್ತಿಗೆ ಕಾರ್ಬ್ಯುರೇಟರ್ ಒಮ್ಮೆ ಬಿಚ್ಚಿ ಜೋಡಿಸಿಯಾಗಿತ್ತು, ಪ್ಲಗ್ ಮತ್ತು ವೈರುಗಳು ಹೊಸವಾಗಿದ್ದವು.

"ಅಣ್ಣ, ಗೇರ್ ಬಾಕ್ಸ್ ಇಳಿಸಲೇಬೇಕು ಎನ್ನುತ್ತಿದ್ದಾರೆ" ಎಂದ.

ಬಾನೆಟ್ ಎತ್ತುವ ಮೊದಲು ನಾನು ಕೇಳಿದ್ದೆಲ್ಲ "ಯಾವಾಗ" ಎಂಬ ಪ್ರಶ್ನೆಗಳನ್ನೇ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೂ ನಡುಗುತ್ತದೆಯೇ? ಇಲ್ಲ, ಆಗ ಪರವಾಗಿಲ್ಲ, ಬಿಸಿಯಾದ ಮೇಲೆ ಶುರುವಾಗುತ್ತದೆ ಎಂದ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ? ಸರಿಹೋಗುತ್ತದೆ. ಗೇರ್ ಯಾವಾಗ ತಡವಾಗುತ್ತದೆ? ಮೆಲ್ಲಗೆ ಓಡಿಸಿದಾಗಲೇ ಹೆಚ್ಚು, ಎರಡನೆಯ ಗೇರ್ ಬೀಳುವುದೇ ಇಲ್ಲವೇನೋ ಎನ್ನಿಸುತ್ತದೆ. ಪೆಡಲನ್ನು ನೆಲಕ್ಕೆ ಒತ್ತಿದರೆ? "ಆಗ ಮೊದಲು ಹೇಗಿತ್ತೋ ಹಾಗೆಯೇ ಇದೆ ಅಣ್ಣ, ಏನೂ ವ್ಯತ್ಯಾಸವಿಲ್ಲ."

ಈ ಕೊನೆಯ ಉತ್ತರ ಕೇಳಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಪೆಡಲ್ ಪೂರ್ತಿ ಒತ್ತಿದಾಗ ಆರೋಗ್ಯವಂತ ಎಂಜಿನ್ನಿನಲ್ಲೂ ವ್ಯಾಕ್ಯೂಮ್ ಇರುವುದಿಲ್ಲ, ಸೋರುವ ಎಂಜಿನ್ನಿನಲ್ಲೂ ಇರುವುದಿಲ್ಲ. ಹಾಗಾಗಿ ಗೇರ್ ಬೀಳುವ ರೀತಿ ಎರಡರಲ್ಲೂ ಒಂದೇ. ಮೆಲ್ಲಗೆ ಓಡಿಸುವಾಗ ಮಾತ್ರ ತಡವಾಗುತ್ತಿದ್ದರೆ ಬಾಕ್ಸಿನೊಳಗಿನ ಕ್ಲಚ್ ಪ್ಲೇಟುಗಳ ಮೇಲೆ ಅನುಮಾನ ಪಡುವ ಅಗತ್ಯ ಬಹಳ ಕಡಿಮೆ. ಪ್ಲೇಟು ಸವೆದ ಬಾಕ್ಸ್ ಜೋರಾಗಿ ಒತ್ತಿದಾಗಲೇ ಮೊದಲು ಜಾರುತ್ತದೆ. ತಣ್ಣಗಿರುವಾಗ ಐಡ್ಲಿಂಗ್ ಚೆನ್ನಾಗಿರುವುದಕ್ಕೂ ಇದೇ ಕಥೆ ಹೊಂದುತ್ತದೆ. ಚೋಕ್ ಹಾಕಿಕೊಂಡಾಗ ಹೆಚ್ಚುವರಿ ಪೆಟ್ರೋಲ್ ಬರುವುದರಿಂದ ಹೆಚ್ಚುವರಿ ಗಾಳಿಯ ತಪ್ಪು ಮುಚ್ಚಿಹೋಗುತ್ತದೆ. ಚೋಕ್ ತೆರೆದುಕೊಂಡ ಮೇಲೆ ಸೋರಿಕೆ ಬಯಲಾಗುತ್ತದೆ.

ಆಮೇಲೆ ಬಾನೆಟ್ ಎತ್ತಿದೆವು. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಅಡೆ ಕೊಟ್ಟು, ಎಂಜಿನ್ ಬಿಸಿಯಾಗಲು ಬಿಟ್ಟು, ಮ್ಯಾನಿಫೋಲ್ಡಿನ ಒಂದು ಬಾಯಿಗೆ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿದೆ. ಮುಳ್ಳು 14ರ ಅಕ್ಕಪಕ್ಕ ತೂಗಾಡುತ್ತಿತ್ತು (ಈ ಗೇಜಿನ ಅಳತೆ ಪಾದರಸದ ಇಂಚುಗಳಲ್ಲಿ). ನಂತರ ಮೂತಿಗೆ ಬಟ್ಟೆ ಸುತ್ತಿದ ಇಕ್ಕಳದಿಂದ ಒಂದೊಂದೇ ಕೊಳವೆಯನ್ನು ಅದುಮುತ್ತ ಬಂದೆ. ಬ್ರೇಕ್ ಬೂಸ್ಟರಿನ ದಪ್ಪ ಕೊಳವೆ ಅದುಮಿದಾಗ ಏನೂ ಬದಲಾಗಲಿಲ್ಲ. ಕ್ರ್ಯಾಂಕ್ ಕೇಸಿನ ಆವಿಯನ್ನು ಎಂಜಿನ್ನಿಗೆ ಮರಳಿಸುವ ಪಿಸಿವಿ ವಾಲ್ವಿನದು ಅದುಮಿದಾಗ ಎಂಜಿನ್ ಸದ್ದು ಸ್ವಲ್ಪ ಬದಲಾಯಿತು, ಅದು ಸಹಜ. ಎಂಜಿನ್ನಿನ ಹಿಂಬದಿ ಗೋಡೆಯ ಕತ್ತಲೆಯಲ್ಲಿ ಗೇರ್ ಬಾಕ್ಸಿಗೆ ಇಳಿಯುವ ಕೊಳವೆಯನ್ನು ಕೈಯಾಡಿಸಿ ಹುಡುಕಿ ಅದುಮಿದ ಕೂಡಲೇ ನಡುಕ ನಿಂತಿತು. ಎಂಜಿನ್ ಸದ್ದು ಒಂದೇ ಸಮನಾಯಿತು, ಮುಳ್ಳು 18ಕ್ಕೆ ಏರಿ ಬಹುಮಟ್ಟಿಗೆ ನಿಂತಿತು. ಇಕ್ಕಳ ಸಡಿಲಿಸಿದೆ, ನಡುಕ ಮರಳಿತು. ಗೆಳೆಯನ ಕೈಗೇ ಇಕ್ಕಳ ಕೊಟ್ಟೆ. ಅವನು ಅದುಮಿದ, ಬಿಟ್ಟ, ಮತ್ತೆ ಅದುಮಿದ. ತನ್ನ ಬೆರಳಿನ ಒತ್ತಡಕ್ಕೆ ಅಷ್ಟು ದೊಡ್ಡ ಎಂಜಿನ್ ಸ್ಪಂದಿಸುವುದನ್ನು ಅವನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ.

ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಗಾಡಿಯ ಕೆಳಗೆ ಹೋದೆವು. ಮೇಲಿನ ತುದಿಯ ಕೊಳವೆ ಚೆನ್ನಾಗಿಯೇ ಇತ್ತು. ಕೆಳಗಿನ ತುದಿಯದು, ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ವರ್ಷಗಟ್ಟಲೆ ಬೆಂದು ಗಟ್ಟಿಯಾಗಿತ್ತು. ಹೊರಗಿನಿಂದ ನೋಡಿದರೆ ಕಪ್ಪಗೆ ಸರಿಯಾಗಿಯೇ ಕಾಣುತ್ತಿತ್ತು. ಬೆರಳಿನಿಂದ ಬಗ್ಗಿಸಿದಾಗ ಮಾತ್ರ ಒಳಮಗ್ಗುಲಲ್ಲಿ ಉದ್ದಕ್ಕೆ ಸೀಳು ಬಾಯಿಬಿಟ್ಟಿತು. ಒಳಗೆ ಆಯಿಲ್ ಇರಲಿಲ್ಲ, ಒಣಗಿತ್ತು. ಅಂದರೆ ಮಾಡ್ಯುಲೇಟರಿನ ಪರದೆ ಹರಿದಿಲ್ಲ. ಕೈ ಪಂಪ್ ಹಚ್ಚಿ ಮಾಡ್ಯುಲೇಟರಿಗೆ ವ್ಯಾಕ್ಯೂಮ್ ಕೊಟ್ಟು ನೋಡಿದೆವು, ಇಳಿಯದೆ ನಿಂತಿತು. ಆಯಿಲ್ ಮತ್ತು ಬಿಸಿ ತಡೆಯುವ, ಒಳಕ್ಕೆ ಕುಸಿಯದ ವ್ಯಾಕ್ಯೂಮ್ ಹೋಸ್ ಒಂದು ತುಂಡು ಹಾಕಿದೆವು. ಎರಡನೆಯ ಗೇರ್ ಮೊದಲಿನ ಜಾಗದಲ್ಲಿ ಮೆಲ್ಲಗೆ ಬಿತ್ತು.

ಸೋರಿಕೆ ಹುಡುಕಲು ಓಡುತ್ತಿರುವ ಎಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುವವರು ಬಹಳ ಜನ. ಸೋರುವ ಕಡೆ ಅದು ಒಳಗೆ ಹೋದಾಗ ಎಂಜಿನ್ ಸದ್ದು ಬದಲಾಗುತ್ತದೆ, ನಿಜ. ಆದರೆ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕದಲ್ಲಿ ಆ ಕೆಲಸ ಬೇಡ ಎಂದು ಕೈಮುಗಿದು ಹೇಳುತ್ತೇನೆ. ಇಕ್ಕಳ ಸಾಲದಿದ್ದರೆ ಹೊಗೆ ಬಿಟ್ಟು ನೋಡುವ ಯಂತ್ರ ಇದೆ, ಎಂಜಿನ್ ಆರಿಸಿಯೇ ನೋಡಬಹುದು.

ಮುಳ್ಳಿನ ಭಾಷೆ

ವ್ಯಾಕ್ಯೂಮ್ ಗೇಜ್ ಈಗ ಹೆಚ್ಚಿನವರ ಪೆಟ್ಟಿಗೆಯಲ್ಲಿ ಇಲ್ಲ. ಇರಬೇಕಿತ್ತು. ಸಮುದ್ರ ಮಟ್ಟದ ಊರಿನಲ್ಲಿ ಒಳ್ಳೆಯ ಸ್ಥಿತಿಯ ಪೆಟ್ರೋಲ್ ಎಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿರುವಾಗ ಮುಳ್ಳು ಸುಮಾರು 17ರಿಂದ 21 ಇಂಚಿನ ನಡುವೆ ಅಲುಗಾಡದೆ ನಿಲ್ಲುತ್ತದೆ. ಎತ್ತರದ ಪ್ರದೇಶದಲ್ಲಿ ಪ್ರತಿ 300 ಮೀಟರಿಗೆ ಹೆಚ್ಚು ಕಡಿಮೆ ಒಂದು ಇಂಚು ಕಡಿಮೆಯಾಗುತ್ತದೆ, ಇದನ್ನು ಮರೆತು ಬೆಟ್ಟದ ಮೇಲೆ 15 ಕಂಡು ಗಾಬರಿಪಡಬಾರದು. ಮುಳ್ಳು ಕೆಳಗಿದ್ದರೂ ಅಲುಗಾಡದೆ ನಿಂತಿದ್ದರೆ ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿರಬಹುದು, ಇಲ್ಲವೇ ಮ್ಯಾನಿಫೋಲ್ಡಿಗೆ ಒಂದೇ ಸಮನೆ ಗಾಳಿ ಸೋರುತ್ತಿರಬಹುದು. ಮೆಲ್ಲಗೆ ಅತ್ತಿತ್ತ ತೇಲಾಡಿದರೆ ಮಿಶ್ರಣದ ಕಡೆ ನೋಡಬೇಕು. ತಾಳ ಹಾಕಿದಂತೆ ಒಂದೇ ಅಂತರದಲ್ಲಿ ಕುಸಿದು ಏರಿದರೆ ಒಂದು ಸಿಲಿಂಡರ್ ಸರಿಯಿಲ್ಲ, ಅದರಲ್ಲೂ ವಾಲ್ವ್ ಕೂರುತ್ತಿಲ್ಲ ಎಂಬ ಅನುಮಾನ. ಎಂಜಿನ್ನನ್ನು 2500 ಆರ್‌ಪಿಎಂಗೆ ಏರಿಸಿ ಅಲ್ಲೇ ಹಿಡಿದಾಗ ಮುಳ್ಳು ನಿಧಾನವಾಗಿ ಇಳಿಯುತ್ತಲೇ ಹೋದರೆ ಹೊಗೆ ಹೊರಹೋಗುವ ದಾರಿ ಕಟ್ಟಿಕೊಂಡಿದೆ. ಹೊಗೆ ಕಟ್ಟಿದ ಎಂಜಿನ್ ಎಳೆಯುವುದಿಲ್ಲ, ಚಾಲಕರು ಪೆಡಲ್ ಹೆಚ್ಚು ಒತ್ತುತ್ತಾರೆ, ಗೇರ್ ತಡವಾಗುತ್ತದೆ. ಅಲ್ಲಿಯೂ ಗೇರ್ ಬಾಕ್ಸ್ ನಿರಪರಾಧಿ.

ಡೀಸೆಲ್ ಟ್ರಕ್ಕಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಹಳೆಯ ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಥ್ರಾಟಲ್ ಪ್ಲೇಟ್ ಇಲ್ಲದಿರುವುದರಿಂದ ಮ್ಯಾನಿಫೋಲ್ಡಿನಲ್ಲಿ ಉಪಯೋಗಕ್ಕೆ ಬರುವ ವ್ಯಾಕ್ಯೂಮ್ ಇರುವುದಿಲ್ಲ, ಬೇಕಾದ ಕಡೆ ಅದಕ್ಕೇ ಬೇರೆ ಪಂಪ್ ಇಟ್ಟಿರುತ್ತಾರೆ. ಅಲ್ಲಿ ಐಡ್ಲಿಂಗ್ ಏರಿಳಿದರೆ ಡೀಸೆಲ್ ಪೈಪಿನಲ್ಲಿ ಗಾಳಿ ಹೊಕ್ಕಿದೆಯೇ, ಫಿಲ್ಟರ್ ಕಟ್ಟಿದೆಯೇ ಎಂಬಲ್ಲಿಂದ ಶುರುಮಾಡಬೇಕು.

ಬಿಸಿಯಾಗಲು ಒಲ್ಲದ ಎಂಜಿನ್

ಆಮೇಲಿನ ತಲೆಮಾರಿನ ಟ್ರಕ್ಕುಗಳಲ್ಲಿ ಮಾಡ್ಯುಲೇಟರ್ ಇಲ್ಲ. 1982ರಲ್ಲಿ ಬಂದ 700ಆರ್4 ಬಾಕ್ಸಿನಲ್ಲಿ ಥ್ರಾಟಲಿನಿಂದ ಒಂದು ಕೇಬಲ್ ಬಂದು ಒತ್ತಡವನ್ನು ನಿಯಂತ್ರಿಸುತ್ತದೆ. ಆ ಕೇಬಲ್ ಸಡಿಲವಾದರೆ ಗೇರ್ ಬೇಗ, ಮೆತ್ತಗೆ ಬೀಳುತ್ತದೆ. ಓಡಿಸುವವರಿಗೆ ಅದು ಹಿತವಾಗಿಯೇ ಇರುತ್ತದೆ, ಒಳಗೆ ಪ್ಲೇಟುಗಳು ಸುಡುತ್ತಿರುತ್ತವೆ. ಕೇಬಲ್ ಕಳಚಿಟ್ಟು ಗಾಡಿ ಓಡಿಸುವುದು ಬಾಕ್ಸನ್ನು ಕೈಯಾರೆ ಕೊಂದಂತೆ. 1990ರ ದಶಕದಿಂದೀಚೆಗೆ ಕಂಪ್ಯೂಟರಿನ ಕಾಲ. ಗೇರ್ ಯಾವಾಗ ಬದಲಾಗಬೇಕೆಂದು ಅದು ಥ್ರಾಟಲ್ ಪೊಸಿಷನ್ ಸೆನ್ಸರ್, ವೇಗದ ಸೆನ್ಸರ್, ಕೂಲೆಂಟ್ ಬಿಸಿಯ ಸೆನ್ಸರ್ ಇವುಗಳ ಮಾತು ಕೇಳಿ ನಿರ್ಧರಿಸುತ್ತದೆ. ಐಡ್ಲಿಂಗ್ ಎಷ್ಟಿರಬೇಕೆಂದು ನಿರ್ಧರಿಸುವುದೂ ಅವೇ ಸೆನ್ಸರುಗಳನ್ನು ಕೇಳಿಯೇ. ಕೊಳವೆ ಹೋಗಿ ವೈರು ಬಂತು, ಎರಡು ದೂರುಗಳ ನಂಟು ಮಾತ್ರ ಹಾಗೆಯೇ ಉಳಿಯಿತು.

ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಪರಿಚಯದ ಮಹಿಳೆಯೊಬ್ಬರ ಗಾಡಿಯಿಂದ. ತಂದೆಯ ಕಾಲದ ಟ್ರಕ್ಕನ್ನು ಅವರು ಬಹಳ ಅಕ್ಕರೆಯಿಂದ ಓಡಿಸುತ್ತಾರೆ. ಪೆಟ್ರೋಲ್ ಇಂಜೆಕ್ಷನ್, ನಾಲ್ಕು ಗೇರಿನ ಎಲೆಕ್ಟ್ರಾನಿಕ್ ಆಟೊಮ್ಯಾಟಿಕ್. ಐಡ್ಲಿಂಗ್ ಯಾವಾಗಲೂ ಮೇಲೆಯೇ ಇರುತ್ತದೆ, ಪಾರ್ಕಿನಿಂದ ಡ್ರೈವಿಗೆ ಹಾಕಿದಾಗ ಗಾಡಿ ಜಗ್ಗುತ್ತದೆ, ಹೆದ್ದಾರಿಯಲ್ಲಿ ಎಂಜಿನ್ ವೇಗ ಇಳಿಯುವುದೇ ಇಲ್ಲ, ಪೆಟ್ರೋಲ್ ಕುಡಿಯುತ್ತದೆ ಎಂಬುದು ಅವರ ದೂರು. ಗೇರ್ ಬಾಕ್ಸಿನೊಳಗೆ ಆಯಿಲ್ ದಾರಿ ತೆರೆದು ಮುಚ್ಚುವ ವಿದ್ಯುತ್ ವಾಲ್ವ್, ಅಂದರೆ ಸೊಲೆನಾಯ್ಡ್, ಅದಾಗಲೇ ಬದಲಾಗಿತ್ತು. ಅವರು ಒಂದು ಟಿಪ್ಪಣಿ ಪುಸ್ತಕ ತಂದಿದ್ದರು. ಯಾವ ರಸ್ತೆ, ಎಷ್ಟು ಹೊತ್ತು, ಹವೆ ಹೇಗಿತ್ತು, ಗಾಡಿ ಏನು ಮಾಡಿತು ಎಂದು ಚಿಕ್ಕ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಅದರಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು: ಉದ್ದ ಇಳಿಜಾರು ಇಳಿದ ಮೇಲೆ ತೊಂದರೆ ಹೆಚ್ಚು, ಬಿಸಿಲಿನಲ್ಲಿ ನಿಂತು ನಿಂತು ಸಾಗಿದಾಗ ಕಡಿಮೆ.

"ನಿಂತು ನಿಂತು ಹೋದರೆ ಗಾಡಿಗೆ ಕಷ್ಟ ಜಾಸ್ತಿಯಲ್ಲವೇ? ಆಗಲೇ ಹೇಗೆ ಸರಿಹೋಗುತ್ತದೆ?" ಎಂದು ಅವರೇ ಕೇಳಿದರು. ಆ ಪ್ರಶ್ನೆಯೇ ಅರ್ಧ ಉತ್ತರವಾಗಿತ್ತು. ಇಳಿಜಾರಿನಲ್ಲಿ ಎಂಜಿನ್ನಿಗೆ ಕೆಲಸವಿಲ್ಲ, ಗಾಳಿ ಜೋರಾಗಿ ಬಡಿಯುತ್ತದೆ, ಎಂಜಿನ್ ತಣ್ಣಗಾಗುತ್ತದೆ. ನಿಂತು ಸಾಗುವಾಗ ಬಿಸಿ ಏರುತ್ತದೆ. ಬಿಸಿಯಾದಾಗ ಸರಿಯಿದ್ದು ತಣ್ಣಗಾದಾಗ ಕೆಡುತ್ತಿದ್ದರೆ ನೋಡಬೇಕಾದ ಜಾಗ ಗೇರ್ ಬಾಕ್ಸಿನಿಂದ ಬಹಳ ದೂರದಲ್ಲಿದೆ.

ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ, ಬೆಲ್ಟಿಗೂ ಫ್ಯಾನಿಗೂ ಕೈ ತಾಗದಂತೆ ನೋಡಿಕೊಂಡು, ರೇಡಿಯೇಟರಿನ ಮೇಲಿನ ಹೋಸ್ ಮೇಲೆ ಅಂಗೈ ಇಟ್ಟೆ. ನೀರು ಬಿಸಿಯಾಗುವವರೆಗೆ ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೊಸ್ಟ್ಯಾಟ್ ಸರಿಯಿದ್ದರೆ ಆ ಹೋಸ್ ಬಹಳ ಹೊತ್ತು ತಣ್ಣಗೇ ಇರುತ್ತದೆ, ಅದು ತೆರೆದುಕೊಂಡಾಗ ಒಮ್ಮೆಗೇ ಬಿಸಿನೀರು ನುಗ್ಗಿ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಇಲ್ಲಿ ಶುರುವಿನಿಂದಲೇ ಉಗುರುಬೆಚ್ಚಗಿನ ನೀರು ಹರಿಯುತ್ತಿರುವುದು ಅಂಗೈಗೆ ತಿಳಿಯುತ್ತಿತ್ತು. ಬೆಚ್ಚಗಾಯಿತು, ಇನ್ನೂ ಸ್ವಲ್ಪ ಬೆಚ್ಚಗಾಯಿತು, ಅಷ್ಟೇ. ಅವರ ಕೈಯನ್ನೂ ಅಲ್ಲಿ ಇಡಲು ಹೇಳಿದೆ. ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಓದುವ ಸ್ಕ್ಯಾನರ್ ಹಾಕಿ ಒಂದು ಸುತ್ತು ಹೋಗಿಬಂದಾಗಲೂ ಕೂಲೆಂಟ್ 60 ಡಿಗ್ರಿಯ ಆಸುಪಾಸಿನಲ್ಲೇ ಇತ್ತು. ಇಂಥ ಎಂಜಿನ್ನುಗಳ ಥರ್ಮೊಸ್ಟ್ಯಾಟ್ ಸಾಮಾನ್ಯವಾಗಿ ತೆರೆದುಕೊಳ್ಳುವುದೇ 82ರಿಂದ 91 ಡಿಗ್ರಿಯ ನಡುವೆ. ಅದು ಬಾಯಿ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿತ್ತು. ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಭಾವಿಸಿ ಪೆಟ್ರೋಲ್ ಹೆಚ್ಚು ಕೊಡುತ್ತಿತ್ತು, ಐಡ್ಲಿಂಗ್ ಏರಿಸಿಟ್ಟಿತ್ತು, ಎಂಜಿನ್ ಬಿಸಿಯಾಗುವವರೆಗೆ ಟಾರ್ಕ್ ಕನ್ವರ್ಟರನ್ನು (ಎಂಜಿನ್ ಮತ್ತು ಗೇರ್ ಬಾಕ್ಸಿನ ನಡುವಿನ, ತುಸು ಜಾರುವ ಆಯಿಲ್ ಜೋಡಣೆ) ಲಾಕ್ ಮಾಡಬಾರದೆಂಬ ತನ್ನ ನಿಯಮವನ್ನು ಪಾಲಿಸುತ್ತಿತ್ತು. ಅದಕ್ಕೇ ಹೆದ್ದಾರಿಯಲ್ಲಿ ಆರ್‌ಪಿಎಂ ಇಳಿಯುತ್ತಿರಲಿಲ್ಲ. ಐಡ್ಲಿಂಗ್ ಮೇಲಿದ್ದುದರಿಂದ ಡ್ರೈವಿಗೆ ಹಾಕಿದಾಗ ಜಗ್ಗುತ್ತಿತ್ತು. ಕಂಪ್ಯೂಟರ್ ಸರಿ, ಸೊಲೆನಾಯ್ಡ್ ಸರಿ, ಗೇರ್ ಬಾಕ್ಸ್ ಸರಿ. ನಾಲ್ಕೂ ದೂರುಗಳು ಒಂದು ಥರ್ಮೊಸ್ಟ್ಯಾಟಿನಿಂದ ಬಂದಿದ್ದವು.

ಕೆಲವೊಮ್ಮೆ ಎಂಜಿನ್ ನಿಜವಾಗಿಯೂ ಬಿಸಿಯಾಗಿರುತ್ತದೆ, ಸೆನ್ಸರ್ ಮಾತ್ರ ತಣ್ಣಗಿದೆ ಎಂದು ಸುಳ್ಳು ಹೇಳುತ್ತಿರುತ್ತದೆ. ಲಕ್ಷಣಗಳು ಅವೇ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಚಾಲೂ ಮಾಡುವ ಮೊದಲೇ ಸ್ಕ್ಯಾನರ್ ಹಾಕಿ ಕೂಲೆಂಟ್ ಬಿಸಿ ಮತ್ತು ಒಳಬರುವ ಗಾಳಿಯ ಬಿಸಿ ಎರಡನ್ನೂ ನೋಡಿದರೆ ಅವು ಹೆಚ್ಚು ಕಡಿಮೆ ಸಮನಾಗಿರಬೇಕು. ಬಹಳ ವ್ಯತ್ಯಾಸವಿದ್ದರೆ ಎರಡರಲ್ಲೊಂದು ಸುಳ್ಳಾಡುತ್ತಿದೆ. ಇಷ್ಟು ಸರಳವಾದ, ಖರ್ಚಿಲ್ಲದ ಪರೀಕ್ಷೆಯನ್ನು ಬಿಟ್ಟು ಜನ ಸೊಲೆನಾಯ್ಡ್ ಕೊಳ್ಳುತ್ತಾರೆ.

ಐಡ್ಲಿಂಗ್ ಸ್ಕ್ರೂ

ಎಂಜಿನ್ ನಿಂತುಹೋಗುತ್ತಿದೆ ಎಂದ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಥ್ರಾಟಲಿನ ಸ್ಕ್ರೂ ಎರಡು ಸುತ್ತು ಬಿಗಿ ಮಾಡುವ ಅಭ್ಯಾಸದ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ. ಕಾರ್ಬ್ಯುರೇಟರ್ ಎಂಜಿನ್ನಿನಲ್ಲಿ ಅದು ತೊಂದರೆಯನ್ನು ಮುಚ್ಚಿಡುತ್ತದೆ. ನಡುಕ ಕಡಿಮೆಯಾಗುತ್ತದೆ, ಆದರೆ ನ್ಯೂಟ್ರಲ್‌ನಿಂದ ಡ್ರೈವಿಗೆ ಹಾಕಿದಾಗಲೆಲ್ಲ ಧಡ್ ಎನ್ನುತ್ತದೆ. ಆ ಏಟು ಯೂನಿವರ್ಸಲ್ ಜಾಯಿಂಟಿಗೂ ಎಂಜಿನ್ ಮೌಂಟಿಗೂ ಬೀಳುತ್ತದೆ. ಐಡ್ಲಿಂಗ್ ದೂರೊಂದೇ ಇದ್ದ ಗಾಡಿಗೆ ಈಗ ಗೇರ್ ದೂರೂ ಸೇರಿಕೊಂಡಿತು.

ಇಂಜೆಕ್ಷನ್ ಎಂಜಿನ್ನಿನಲ್ಲಿ ಹಾನಿ ಇನ್ನೂ ಆಳಕ್ಕಿಳಿಯುತ್ತದೆ. ಥ್ರಾಟಲ್ ಪೊಸಿಷನ್ ಸೆನ್ಸರ್ ಪೆಡಲ್ ಬಿಟ್ಟಾಗ ಸುಮಾರು ಅರ್ಧ ವೋಲ್ಟಿನಿಂದ ಒಂದು ವೋಲ್ಟಿನೊಳಗೆ ತೋರಿಸುತ್ತದೆ, ಪೂರ್ತಿ ಒತ್ತಿದಾಗ ನಾಲ್ಕೂವರೆಯ ಹತ್ತಿರ ಹೋಗುತ್ತದೆ. ಸ್ಕ್ರೂ ತಿರುಗಿಸಿದಾಗ ಥ್ರಾಟಲ್ ತುಸು ತೆರೆದೇ ಇರುತ್ತದೆ, ವೋಲ್ಟೇಜ್ ಏರುತ್ತದೆ. ಚಾಲಕರು ಪೆಡಲ್ ಮೇಲೆ ಕಾಲಿಟ್ಟಿದ್ದಾರೆಂದು ಹಲವು ಕಂಪ್ಯೂಟರುಗಳು ತಿಳಿದುಕೊಳ್ಳುತ್ತವೆ. ಐಡ್ಲಿಂಗ್ ಹಿಡಿತವನ್ನು ಬಿಟ್ಟುಬಿಡುತ್ತವೆ, ಗೇರ್ ಬದಲಾಗುವ ಹೊತ್ತೂ ಸರಿಯುತ್ತದೆ. ಕಾರ್ಬನ್ ಹಿಡಿದ ಥ್ರಾಟಲ್ ಬಾಡಿ, ಸಿಕ್ಕಿಕೊಂಡ ಐಡಲ್ ಏರ್ ವಾಲ್ವ್, ಸೋರುವ ಕೊಳವೆ ಇವನ್ನು ನೋಡದೆ ಆ ಸ್ಕ್ರೂ ಮುಟ್ಟಬಾರದು. ಅದೇ ಸೆನ್ಸರನ್ನು ಪರೀಕ್ಷಿಸುವುದಾದರೆ ಮುಳ್ಳಿನ ಮೀಟರ್ ಹಾಕಿ ಪೆಡಲನ್ನು ಬಹಳ ನಿಧಾನವಾಗಿ ಒತ್ತಿ ನೋಡಬೇಕು. ಹೆಚ್ಚು ಬಳಕೆಯಾಗುವ ಒಂದು ಜಾಗದಲ್ಲಿ ಒಳಗಿನ ಪಟ್ಟಿ ಸವೆದಿದ್ದರೆ ಮುಳ್ಳು ಅಲ್ಲಿ ಚಣ ಹೊತ್ತು ಬಿದ್ದೇಳುತ್ತದೆ. ಅಂಕಿ ತೋರಿಸುವ ಸಾಮಾನ್ಯ ಮೀಟರುಗಳಲ್ಲಿ ಆ ಬಿದ್ದೇಳುವಿಕೆ ಕಾಣದೆ ಹೋಗಬಹುದು. ಆ ಸವೆದ ಜಾಗದಲ್ಲೇ ಗಾಡಿ ಎರಡು ಗೇರುಗಳ ನಡುವೆ ತೂಗಾಡುತ್ತದೆ.

ಅರ್ಥ್ ವೈರಿನ ಬಗ್ಗೆ ಎರಡೇ ಮಾತು. ಎಂಜಿನ್ನಿನಿಂದ ಚಾಸಿಗೆ ಹೋಗುವ ಪಟ್ಟಿ ತುಕ್ಕು ಹಿಡಿದಿದ್ದರೆ ಎಲ್ಲ ಸೆನ್ಸರುಗಳ ಮಾತೂ ತೊದಲುತ್ತದೆ, ಯಾವ ಸೆನ್ಸರ್ ಬದಲಿಸಿದರೂ ಗುಣ ಕಾಣುವುದಿಲ್ಲ. ಬೇರೆಲ್ಲದಕ್ಕಿಂತ ಮೊದಲು ಅದನ್ನು ಉಜ್ಜಿ ಬಿಗಿ ಮಾಡಿ.

ತಪ್ಪು ಗೇರ್ ಬಾಕ್ಸಿನದೇ ಆದಾಗ

ಗೇರ್ ಬಾಕ್ಸ್ ಯಾವಾಗಲೂ ನಿರಪರಾಧಿ ಎಂದು ನಾನು ವಾದಿಸುತ್ತಿಲ್ಲ. ಅದರ ತಪ್ಪು ಎಂಜಿನ್ ಮೇಲೆ ಬರುವುದೂ ಉಂಟು. ಗಾಡಿ ಓಡುತ್ತಿರುವಾಗ ಏನೂ ತೊಂದರೆಯಿಲ್ಲ, ಬ್ರೇಕ್ ಹಾಕಿ ನಿಲ್ಲುವ ಹೊತ್ತಿಗೆ ಎಂಜಿನ್ ಕುಲುಕಾಡಿ ನಿಂತುಹೋಗುತ್ತದೆ, ಕ್ಲಚ್ ಒತ್ತದೆ ಮ್ಯಾನ್ಯುವಲ್ ಗಾಡಿ ನಿಲ್ಲಿಸಿದಾಗ ಆಗುತ್ತದಲ್ಲ, ಹಾಗೆ. ನ್ಯೂಟ್ರಲ್‌ಗೆ ಹಾಕಿದರೆ ಐಡ್ಲಿಂಗ್ ಚೆನ್ನಾಗಿಯೇ ಇರುತ್ತದೆ. ಇಂಥ ಕಡೆ ಟಾರ್ಕ್ ಕನ್ವರ್ಟರಿನ ಲಾಕ್ ಬಿಡುತ್ತಿಲ್ಲ ಎಂಬ ಅನುಮಾನ ಬರಬೇಕು. ಆ ಲಾಕಿಗೆ ಮಾತ್ರ ಬೇರೆ ವೈರ್ ಇರುವ ಹಳೆಯ ಬಾಕ್ಸುಗಳಲ್ಲಿ ಆ ಕನೆಕ್ಟರ್ ಕಳಚಿ ಓಡಿಸಿ ನೋಡಬಹುದು. ನಿಲ್ಲುವುದು ತಪ್ಪಿದರೆ ಕರೆಂಟು ಬರಬಾರದ ಹೊತ್ತಿನಲ್ಲಿ ಬರುತ್ತಿದೆ ಎಂದರ್ಥ. ಕಳಚಿದರೂ ನಿಲ್ಲುತ್ತಿದ್ದರೆ ವಾಲ್ವ್ ಒಳಗೇ ಸಿಕ್ಕಿಕೊಂಡಿರಬಹುದು. ಇಂಥ ಗಾಡಿಗೆ ಕಾರ್ಬ್ಯುರೇಟರ್ ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಡಿಪ್‌ಸ್ಟಿಕ್ ಎಳೆದು ಗೇರ್ ಬಾಕ್ಸಿನ ಆಯಿಲನ್ನು ಬಿಳಿ ಬಟ್ಟೆಗೆ ಒರೆಸಿ ನೋಡುವುದನ್ನಂತೂ ಬಿಡಬಾರದು. ಕೆಂಪಗಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದ್ದು, ಬಟ್ಟೆಯ ಮೇಲೆ ಕಪ್ಪು ಪುಡಿ ಉಳಿದರೆ ಪ್ಲೇಟುಗಳು ಸುಟ್ಟಿವೆ, ಬಾಕ್ಸ್ ಇಳಿಸುವುದೇ ದಾರಿ. ಹಾಲು ಬೆರೆಸಿದಂತೆ ತಿಳಿಗುಲಾಬಿಯಾಗಿದ್ದರೆ ರೇಡಿಯೇಟರಿನೊಳಗಿನ ಆಯಿಲ್ ಕೂಲರ್ ತೂತಾಗಿ ಕೂಲೆಂಟ್ ಸೇರಿದೆ, ಆ ಗಾಡಿಯನ್ನು ಒಂದು ಮೈಲಿಯೂ ಓಡಿಸಬೇಡಿ.

ಮ್ಯಾನ್ಯುವಲ್ ಗೇರ್ ಗಾಡಿಯವರಿಗೆ ಒಂದು ಪರೀಕ್ಷೆ ಸಾಕು. ಎಂಜಿನ್ ಆರಿಸಿ ಎಲ್ಲ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುತ್ತಿರುವಾಗ ಮಾತ್ರ ಕರಕರ ಎನ್ನುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಇನ್ನು ಪೆಡಲ್ ಬಿಟ್ಟರೂ ಎಂಜಿನ್ ವೇಗ ಬೇಗ ಇಳಿಯದ ಗಾಡಿಯಲ್ಲಿ ಮೇಲಿನ ಗೇರ್ ಹಾಕುವಾಗ ಗೇರುಗಳ ವೇಗ ಹೊಂದಿಸುವ ಸಿಂಕ್ರೊನೈಸರ್ ಉಂಗುರಗಳು ಪ್ರತಿ ಸಲವೂ ಹೆಚ್ಚು ತಿಕ್ಕಾಡಿ ಸವೆಯುತ್ತವೆ. ಅಲ್ಲಿಯೂ ಐಡ್ಲಿಂಗ್ ಮತ್ತು ಗೇರ್ ಒಂದಕ್ಕೊಂದು ಅಂಟಿಕೊಂಡೇ ಇವೆ.

ಉಳಿದಿರುವ ಒಂದು ಮಿಸುಕು

ಗೆಳೆಯನ ಪಿಕಪ್ಪಿನ ಕೆಲಸ ಇನ್ನೂ ಮುಗಿದಿಲ್ಲ. ಕೊಳವೆ ಬದಲಿಸಿ, ಯಾರೋ ಬಿಗಿ ಮಾಡಿದ್ದ ಐಡ್ಲಿಂಗ್ ಸ್ಕ್ರೂ ಹಿಂದಕ್ಕೆ ತಂದು, ಮಿಶ್ರಣ ಸರಿಪಡಿಸಿದ ಮೇಲೆ ಮುಳ್ಳು 18ರಲ್ಲಿ ನಿಲ್ಲುತ್ತದೆ. ಗೇರ್ ದೂರು ಪೂರ್ತಿ ಹೋಗಿದೆ. ಆದರೆ ಗೇಜನ್ನು ಹಾಗೆಯೇ ಬಿಟ್ಟು ಬಹಳ ಹೊತ್ತು ನೋಡುತ್ತ ಕುಳಿತಾಗ ಮುಳ್ಳು ಒಂದೇ ಅಂತರದಲ್ಲಿ ಸಣ್ಣಗೆ ಮಿಸುಕುವುದು ಕಂಡಿತು, ಒಂದು ಇಂಚೂ ಇಲ್ಲ. ಸೀಟಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಸೋರಿಕೆಯ ದೊಡ್ಡ ನಡುಕದ ಅಡಿಯಲ್ಲಿ ಅದು ಇಷ್ಟು ದಿನ ಅಡಗಿತ್ತು. ಪ್ಲಗ್ಗಿನ ಸ್ಪಾರ್ಕನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದಾಗ ಆರನೆಯ ಸಿಲಿಂಡರಿನಲ್ಲಿ ಎಂಜಿನ್ ವೇಗ ಉಳಿದವುಗಳಲ್ಲಿ ಇಳಿದಷ್ಟು ಇಳಿಯಲಿಲ್ಲ. ಮುಂದಿನ ಸಲ ಕಂಪ್ರೆಷನ್ ಗೇಜ್ ಹಚ್ಚಿ ಅಳೆಯುತ್ತೇವೆ, ಆಮೇಲೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುತ್ತೇವೆ. ಆಯಿಲ್ ಹಾಕಿದ ಮೇಲೆ ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ನನ್ನ ಅನುಮಾನ ವಾಲ್ವ್ ಮೇಲಿದೆ. ಅಳೆಯುವವರೆಗೆ ಸಿಲಿಂಡರ್ ಹೆಡ್ ಬಿಚ್ಚುವ ಮಾತು ಬೇಡ ಎಂದು ಅವನಿಗೆ ಹೇಳಿದ್ದೇನೆ.